ಕಾಮಣ್ಣನಿಗೆ ಕದ್ದ ಹಲಗೆ

ತೊಂಬತ್ತರ ದಶಕದ ಚಾಮರಾಜಪೇಟೆಯಲ್ಲಿ ಕಾಮನ ಹಬ್ಬ ಹತ್ತಿರ ಬಂತೆಂದರೆ ನಮ್ಮ ವಠಾರದ ಮಕ್ಕಳಿಗೆ ಕಳ್ಳತನಕ್ಕೆ ಲೈಸೆನ್ಸ್ ಸಿಕ್ಕ ಹಾಗೆ. ಮುರಿದ ಕುರ್ಚಿ, ತೆಂಗಿನ ಗರಿ, ಯಾರದೋ ಹಿತ್ತಿಲ ಸೌದೆ, ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಬಂದು ಸುಡಲೆಂದು ಕ್ರಾಸಿನಲ್ಲಿ ರಾಶಿ ಹಾಕುತ್ತಿದ್ದೆವು. ಬೈಯುವವರು ಬೈಯುತ್ತಲೇ ನಗುತ್ತಿದ್ದರು. ಕೆಲವರಂತೂ ಹುಡುಗರು ಕದಿಯಲಿ ಎಂದೇ ಹಳೇ ಕಿಟಕಿ ಚೌಕಟ್ಟನ್ನು ಗೇಟಿನ ಹೊರಗೆ ಒರಗಿಸಿಡುತ್ತಿದ್ದರು. ಕಾಮಣ್ಣನಿಗೆಂದು ತಂದದ್ದು ಕಳ್ಳತನವಲ್ಲ ಎಂಬುದು ನಮ್ಮ ಕಾನೂನು. ಆ ಒಣ ಬಿಸಿಲು, ಅಂಗೈಗೆ ಚುಚ್ಚುತ್ತಿದ್ದ ಸಿಬಿರು, ಆ ಕೂಗಾಟ ನೆನೆದರೆ ಈಗಲೂ ಖುಷಿಯಾಗುತ್ತದೆ, ಒಂದು ವರ್ಷದ್ದನ್ನು ಬಿಟ್ಟು.

ನನಗಾಗ ಹದಿಮೂರು. ಮೇಷ್ಟ್ರ ಮಗಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲವೆಂದು ಕಾವಲು ಕೆಲಸ ನನ್ನದು. ಆ ಸಲ ನಮ್ಮ ರಾಶಿ ಸಣ್ಣದಾಗಿತ್ತು, ಪಕ್ಕದ ಕ್ರಾಸಿನವರು ಆಡಿಕೊಂಡು ನಕ್ಕಿದ್ದರು. ಹೊಂಗೆ ಮರದ ಕೆಳಗೆ ಎರಡು ಸ್ಟ್ಯಾಂಡಿನ ಮೇಲೆ ದಪ್ಪ ಹಲಗೆ ಇಟ್ಟುಕೊಂಡು ಒಬ್ಬರು ಇಸ್ತ್ರಿ ಮಾಡುತ್ತಿದ್ದರು. ಮಧ್ಯಾಹ್ನ ಅವರು ಬಟ್ಟೆ ಕೊಟ್ಟುಬರಲು ಹೋದಾಗ ನಮ್ಮ ಗುಂಪಿನ ಇಬ್ಬರು ಹುಡುಗರ ಕಣ್ಣು ಆ ಹಲಗೆಯ ಮೇಲೆ ಬಿತ್ತು. ಮೂರನೆಯವನು, ವಠಾರದ ಕೊನೆ ಮನೆಯ ಹುಡುಗ, ಒಪ್ಪಲಿಲ್ಲ.

"ಅದು ಸೌದೆ ಅಲ್ಲ ಕಣ್ರೋ, ಅವ್ರ ಹೊಟ್ಟೆಪಾಡು. ನಾನ್ ಬರಲ್ಲ," ಎಂದವನೇ ಮನೆಗೆ ಹೋಗಿಬಿಟ್ಟ.

ನನಗೂ ಹಾಗೇ ಅನ್ನಿಸಿತ್ತು. ಆದರೂ ಬಾಯಿ ಬಿಡಲಿಲ್ಲ. ಒಬ್ಬಳೇ ಇದ್ದಿದ್ದರೆ ಮುಟ್ಟಲೂ ಹೆದರುತ್ತಿದ್ದವಳು ಗುಂಪಿನಲ್ಲಿ ನಗುನಗುತ್ತಾ ಕಾವಲು ನಿಂತೆ.

ಇಸ್ತ್ರಿಯವರು ವಾಪಸ್ ಬಂದು ಖಾಲಿ ಸ್ಟ್ಯಾಂಡುಗಳನ್ನು ನೋಡಿ ನನ್ನನ್ನೇ ಕೇಳಿದರು. "ಯಾರಾದ್ರೂ ಈ ಕಡೆ ಬಂದಿದ್ರಾ ಪುಟ್ಟಿ?"

"ನಾನ್ ನೋಡ್ಲಿಲ್ಲ."

ಅವರು ನಂಬಿದರು. ಸಂಜೆ ರಾಶಿಯ ಅಡಿಯಲ್ಲಿ ಬಚ್ಚಿಟ್ಟಿದ್ದ ಹಲಗೆ ಚೆನ್ನಾಗಿಯೇ ಉರಿಯಿತು.

ಬೆಳಿಗ್ಗೆ ಬೂದಿಯಲ್ಲಿ ಅರೆಸುಟ್ಟ ತುಂಡು ಸಿಕ್ಕಿತು. ಇಸ್ತ್ರಿಯವರು ಅದನ್ನು ಹಿಡಿದುಕೊಂಡು ವಠಾರದ ನಲ್ಲಿಯ ಹತ್ತಿರ ಬಂದು ನಿಂತರು. ದೊಡ್ಡವರು ಯಾರನ್ನೂ ವಿಚಾರಿಸಲಿಲ್ಲ. "ಇನ್ಯಾರು, ಆ ಕೊನೆ ಮನೆಯವನೇ. ಅಪ್ಪ ಕುಡ್ಕೊಂಡ್ ಬಿದ್ದಿರ್ತಾನೆ, ಮಗಂಗೆ ಬುದ್ಧಿ ಹೇಳೋರ್ಯಾರು?" ಅಂದರು. ಅವನ ತಾಯಿ ಅವಮಾನ ತಾಳಲಾರದೆ ಅವನನ್ನು ಎಲ್ಲರೆದುರು ಹೊಡೆಯತೊಡಗಿದರು. ಅವನು ನಮ್ಮ ಹೆಸರು ಹೇಳಲಿಲ್ಲ. ಒಂದೇ ಒಂದು ಸಲ ನನ್ನ ಕಡೆ ನೋಡಿದ.

ನನಗೆ ತಡೆಯಲಾಗಲಿಲ್ಲ. ಒಳಗೆ ಓಡಿಹೋಗಿ, ಪೇಪರ್ ಓದುತ್ತಿದ್ದ ಅಪ್ಪನಿಗೆ ಅಳುತ್ತಾ ಎಲ್ಲ ಹೇಳಿದೆ. "ಅವನು ತಗೊಂಡಿಲ್ಲ ಅಪ್ಪ. ನಾವು ತಗೊಂಡಿದ್ದು. ನಾನೇ ಕಾವಲಿದ್ದೆ."

ಅಪ್ಪ ಪೇಪರ್ ಮಡಚಿಟ್ಟು ನನ್ನ ತಲೆ ಸವರಿದರು. "ಹೀಗೆ ಹೇಳು ಅಂತ ಅವನೇ ಹೇಳ್ಕೊಟ್ನಾ? ಇನ್ಮೇಲೆ ಆ ಹುಡುಗನ ಸಹವಾಸ ಬೇಡ ಮಗಳೇ."

ಹೊರಗೆ ಏಟು ಇನ್ನೂ ಬೀಳುತ್ತಿತ್ತು. ನಾನು ಎರಡನೇ ಸಲ ಹೇಳಲಿಲ್ಲ.