ತಿಕೋಟಾದ ಗೋದಾಮಿನಲ್ಲಿ ಇವತ್ತು 1970

ಗೆಳೆಯರೇ, ತಿಕೋಟಾದ ನಮ್ಮ ಒಣದ್ರಾಕ್ಷಿ ಗೋದಾಮಿನಲ್ಲಿ ಇವತ್ತು 1970ನೇ ಇಸವಿ ನಡೆದಿದೆ.

ಅಲ್ಲಿನ ಕಂಪ್ಯೂಟರಿನಿಂದ ಹಳೇ ವಿಂಡೋಸ್ ಎಕ್ಸ್‌ಪಿ ಕಿತ್ತು ನಿನ್ನೆ ಲಿನಕ್ಸ್ ಹಾಕಿದ್ದೆ. ಗೋದಾಮು ನೋಡಿಕೊಳ್ಳುವ ನಮ್ಮ ಕಾಕಾನಿಗೆ ಅದು ಸೇರಲಿಲ್ಲ. ಅವರು ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ, ಗೋಡೆಯ ಕ್ಯಾಲೆಂಡರ್ ನೋಡಿ ಅದರೊಳಗೆ ತಾರೀಖು ಹೊಡೆಯುತ್ತಿದ್ದರು. "ಇನ್ನ ಅದೇನೂ ಬ್ಯಾಡ ಕಾಕಾ, ಲಿನಕ್ಸ್‌ಗೆ ಎಲ್ಲಾ ತಾನಾಗೇ ಗೊತ್ತಿರ್ತೈತಿ" ಅಂದಿದ್ದೆ.

ಇವತ್ತು ಹೊರಗೆ ಲಾರಿ ಒಂದೇ ಸಮನೆ ಹಾರನ್ ಹೊಡೆಯುತ್ತಿತ್ತು. ಅವಸರದಲ್ಲಿ ಕಂಪ್ಯೂಟರಿನಿಂದ ಲೇಬಲ್ ಪ್ರಿಂಟ್ ಮಾಡಿ ಪೆಟ್ಟಿಗೆಗಳಿಗೆಲ್ಲ ಅಂಟಿಸಿದೆವು. ಎತ್ತಿಡುವಾಗ ಡ್ರೈವರ್ ಒಂದನ್ನು ಓದಿದ.

"ಏನ್ರಿ, ನಮ್ಮಪ್ಪ ಹುಟ್ಟಿದ ವರ್ಷದ ಮಾಲೇನ್ರಿ ಇದು?"

ಪ್ಯಾಕಿಂಗ್ ತಾರೀಖು: 1-1-1970.

ಕಾಕಾ ಲೇಬಲ್ ಕೀಳುತ್ತ ಗೊಣಗಿದರು, "ನಮ್ಮ ಹಳೇದು ನಿಂತು ನಿಂತು ನಡೀತಿತ್ತು, ಖರೆ. ಆದ್ರ ಇವತ್ತ ಯಾವ ದಿನ ಅನ್ನೂದು ಅದಕ್ಕ ಗೊತ್ತಿತ್ತು."

ಕಂಪ್ಯೂಟರ್ ಬಿಚ್ಚಿ ನೋಡಿದೆ. ಒಳಗಿನ ಗಡಿಯಾರ ನಡೆಸುವ ಸೆಲ್ಲು ಯಾವ ಕಾಲದಲ್ಲೋ ಸತ್ತು ತುಕ್ಕು ಹಿಡಿದಿತ್ತು; ತಾರೀಖು ಸಿಗದ ಲಿನಕ್ಸ್, ತನ್ನ ದಿನದೆಣಿಕೆ ಶುರುವಾಗುವ 1-1-1970ಕ್ಕೇ ಹೋಗಿ ಕೂತಿತ್ತು. ಅಂದರೆ ಇಷ್ಟು ವರ್ಷ ವಿಂಡೋಸಿಗೆ ಸೆಲ್ಲಾಗಿ ಇದ್ದವರು ನಮ್ಮ ಕಾಕಾ.

ಲಿನಕ್ಸಿಗೆ ತಾರೀಖು ಹೊಡೆಯಲು ಅವರು ಒಲ್ಲೆ ಅಂದಿದ್ದಾರೆ.