ಮಸ್ಟಾಂಗಿನ ಎಂಜಿನ್ ನಂಬರು

ಹಮೀದಾಕ, ಆ ನಂಬರು ಹೊಡೆದದ್ದು ನಾನು. ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ — ಅಂದು ನೀವು ಕಂಡದ್ದೇ ಸರಿ.

ಒಮಾನಿನ ಇಬ್ರಿ ಪಟ್ಟಣದ ಗ್ಯಾರೇಜಿಗೆ ನಾನು ಬಂದಾಗ ಸ್ಪ್ಯಾನರ್ ಹಿಡಿಯಲೂ ನೆಟ್ಟಗೆ ಬರುತ್ತಿರಲಿಲ್ಲ. ಶಿರ್ವದಿಂದ ಬಂದ ಈ ಸಿಪ್ರಿಯನ್ನು ನೀವು ಅಣ್ಣನಾಗಿ, ಸ್ವಂತ ತಮ್ಮನಂತೆ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದಿರಿ. ನೀವು ರಜೆಯಲ್ಲಿ ಊರಿಗೆ ಹೋಗಿದ್ದಾಗ ಗ್ಯಾರೇಜಿನ ಯಜಮಾನ, ನಮ್ಮ ಕಫೀಲನ ಕೆಂಪು ಮಸ್ಟಾಂಗ್ ಕಾರಿನ ಎಂಜಿನ್ ಹಾಳಾಯಿತು. ಬೇರೆ ಗಾಡಿಯದನ್ನು ಕೂರಿಸಿದೆವು. ಅದರ ನಂಬರು ಉಜ್ಜಿ ತೆಗೆದು, ಹಳೆಯ ಎಂಜಿನಿನ ನಂಬರು ಹೊಡೆಯಲು ಕಫೀಲ ಹೇಳಿದ — ಅಸಲಿ ಎಂಜಿನ್ ಇದ್ದರಷ್ಟೇ ಹಳೆಯ ಕಾರಿಗೆ ಬೆಲೆ. ಹೊಡೆದೆ.

ಮರುವರ್ಷ ಬೌಷರಿನಿಂದ ಸಲೀಂ ಸಾಹೇಬರು ಬಂದರು. ಹಳೆಯ ಅಮೆರಿಕನ್ ಕಾರುಗಳ ಹುಚ್ಚು ಅವರಿಗೆ. ಅಂಗಳದಲ್ಲಿ ಎರಡು ನಿಂತಿದ್ದವು — ಹೊಳೆಯುವ ಮಸ್ಟಾಂಗ್, ಮತ್ತು ಬುರೈಮಿಯ ವ್ಯಾಪಾರಿಯೊಬ್ಬನ ಕ್ಯಾಮರೋ, ಬಿಸಿಲಿಗೆ ನೀಲಿ ಬಣ್ಣ ಸಿಪ್ಪೆ ಎದ್ದದ್ದು. ಯಾವುದನ್ನು ಕೊಳ್ಳಲಿ ಎಂದು ನಿಮ್ಮನ್ನೇ ಕೇಳಿದರು. ನೀವು ಎರಡರ ಬಾನೆಟ್ಟಿನೊಳಗೂ ಬಹಳ ಹೊತ್ತು ಬಗ್ಗಿ ನೋಡಿದಿರಿ.

"ಕ್ಯಾಮರೋ ತಕೊಳ್ಳಿ. ಬಣ್ಣ ನಾಳೆ ಬೇಕಾದರೂ ಹೊಡೆಯಬಹುದು. ಹುಟ್ಟುವಾಗ ಇದ್ದ ಎಂಜಿನ್ ಅದರಲ್ಲೇ ಉಂಟು. ಮಸ್ಟಾಂಗಿನ ನಂಬರು ಈಚೆಗೆ ಹೊಡೆದದ್ದು."

ಸಾಹೇಬರು ನನ್ನ ಕಡೆ ತಿರುಗಿದರು. ಅವರ ಬೆನ್ನ ಹಿಂದೆ ಕಫೀಲ ನನ್ನನ್ನೇ ನೋಡುತ್ತಿದ್ದ. ನಾನೆಂದೆ, "ಹಮೀದಾಕನಿಗೆ ಈಗ ಕಣ್ಣು ಮಂಜು, ಸಾಹೇಬ್. ನಂಬರು ಅಸಲಿಯೇ."

ನೀವು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ... ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಬಗ್ಗಿ, ಆ ಅಂಕಿಗಳ ಮೇಲೆ ಬೆರಳಾಡಿಸಿದಿರಿ.

"ಹೌದಾ ಸಿಪ್ರಿ? ಹಾಗಾದರೆ ನನಗೇ ತಪ್ಪಿತಾ?"

"ಹೌದು, ಹಮೀದಾಕ."

ಮೊದಲ ಸುಳ್ಳನ್ನು ಹೆದರಿ ಹೇಳಿದೆ. ಈ ಎರಡನೆಯದನ್ನು — ನೀವು ನನ್ನೊಬ್ಬನನ್ನೇ ನಂಬಿ, ನಮ್ಮ ಭಾಷೆಯಲ್ಲಿ, ಮೆಲ್ಲಗೆ ಕೇಳಿದ್ದಿರಿ. ಅದಕ್ಕೂ ಸುಳ್ಳನ್ನೇ ಕೊಟ್ಟೆ.

ಮಸ್ಟಾಂಗ್ ಬೌಷರಿಗೆ ಹೋಯಿತು. ಕಣ್ಣು ಕಾಣದ ಮೆಕ್ಯಾನಿಕ್ ಯಾಕೆ, ಖಲಾಸ್ ಎಂದು ಕಫೀಲ ನಿಮ್ಮನ್ನು ಕೆಲಸದಿಂದ ತೆಗೆದ. ಹೊರಡುವ ದಿನ ನೀವು ನನ್ನ ಬೆನ್ನು ತಟ್ಟಿ, "ಕಲಿಸಿದವನ ಕಣ್ಣು ಹೋದರೂ ಕಲಿತವನದ್ದು ಚೂಪು ಉಂಟಲ್ಲ ಮಾರಾಯ, ಅಷ್ಟು ಸಾಕು" ಎಂದಿರಿ.

ಊರಿನಲ್ಲಿ ನೀವು ಮತ್ತೆ ಸ್ಪ್ಯಾನರ್ ಮುಟ್ಟಲಿಲ್ಲವಂತೆ. ಅಣ್ಣನ ಮಗನ ಬಟ್ಟೆ ಅಂಗಡಿಯಲ್ಲಿ ಕೂರುತ್ತೀರಂತೆ. ಕಣ್ಣಿನ ಡಾಕ್ಟರು ಏನೂ ಇಲ್ಲ ಎಂದರೂ ನಂಬಲಿಲ್ಲವಂತೆ — ನನ್ನ ಮಾತನ್ನು ನಂಬಿದಿರಿ.

ಒಮಾನ್ ಬಿಟ್ಟು ಬರುವ ಮುನ್ನ ಬೌಷರಿಗೆ ಹೋಗಿ ಸಲೀಂ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕಾರಿನ ಮಾತು ಬಿಟ್ಟು, "ಆ ಮನುಷ್ಯನಿಗೆ ಹೇಳಿದೆಯಾ?" ಎಂದಷ್ಟೇ ಕೇಳಿದರು.

ಬರುವ ಭಾನುವಾರ ಉಪ್ಪಿನಂಗಡಿಗೆ ಬರುತ್ತೇನೆ. ನಿಮ್ಮ ಹೆಂಡತಿ, ಮಕ್ಕಳು, ಅಣ್ಣನ ಮಗ ಎಲ್ಲರೂ ಇರಲಿ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ಹಿಂದೆ ತೆಗೆದುಕೊಳ್ಳಬೇಕು. ಅಂಗಳದಲ್ಲಿ ನಿಂತೇ ಹೇಳುತ್ತೇನೆ. ಒಳಗೆ ಕರೆಯಬೇಕೆಂದೇನೂ ಇಲ್ಲ.