ಗೌತಮ ಕಟ್ಟಿದ ಗಂಟು, ಊದದ ಸೈರನ್

ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಗೌತಮ. ಕುಷ್ಟಗಿ ಕಡೆಯವನು, ಇಪ್ಪತ್ತೊಂಬತ್ತು ವರ್ಷ. ನಾನು ಅಲ್ಲಿ ಕಸ ಗುಡಿಸುತ್ತಿದ್ದೆ. ನನ್ನ ಯಜಮಾನರು ಹನಮಪ್ಪ ಭತ್ತ ಒಣಗಿಸುವ ಡ್ರೈಯರಿನ ಮೇಲೆ ನಿಂತು, ಸಿಕ್ಕಿಕೊಂಡ ಭತ್ತವನ್ನು ಗಳದಿಂದ ಕೆದರಿ ಇಳಿಸುತ್ತಿದ್ದರು. ಬಿಸಿ ಮಿತಿ ಮೀರಿದರೆ ಕಂಪ್ಯೂಟರ್ ಸೈರನ್ ಊದಿಸುತ್ತಿತ್ತು. ಊದಿದರೆ ಇಳಿಯುವುದು, ಊದದಿದ್ದರೆ ನಿಲ್ಲುವುದು. ಹನ್ನೊಂದು ವರ್ಷ ಅವರು ಹಾಗೇ ಮಾಡಿದರು.

ಕಂಪ್ಯೂಟರಿನ ಪ್ರೋಗ್ರಾಮ್ ಬರೆದದ್ದು ಜಾವಾ ಎಂಬ ಭಾಷೆಯಲ್ಲಿ. ಕರೆಂಟ್ ಹೋಗಿ ಬಂದಾಗಲೆಲ್ಲ ಏಳಲು ಎರಡು ನಿಮಿಷ ಹಿಡಿಯುತ್ತಿತ್ತು. ಆ ಎರಡು ನಿಮಿಷ ಬಿಸಿ ಎಷ್ಟೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಿಲ್ಲಿನ ಸಾವುಕಾರರು ಪ್ರಭುರಾಜ ನನ್ನ ಕಡೆ ಕೈ ತೋರಿಸಿ ಗೌತಮನ ಮೇಲೆ ರೇಗುತ್ತಿದ್ದರು.

“ಮುದುಕಮ್ಮನ ಕಸಬರಗಿ ನಿನ್ನ ಕಂಪ್ಯೂಟರಿಗಿಂತ ಜೋರು ಓಡತೈತಿ ನೋಡಲೇ!”

ಗೌತಮ ನಕ್ಕು ನನಗೆ ಹೇಳಿದ: “ಅವ್ವಾ, ಜಾವಾಕ್ಕ ನಡುವ ಒಬ್ಬ ದುಭಾಷಿ ಬೇಕು. ಅಂವ ಎದ್ದು, ಮಾರಿ ತೊಳಕೊಂಡು, ಆಮ್ಯಾಲ ಮಷೀನಿಗೆ ತಿಳಿಸಿ ಹೇಳ್ತಾನ. ಈಗ ನಾ ಎಲ್ಲಾ ಮೊದಲ ಮಷೀನಿನ ಭಾಷಾದಾಗ ಮಾಡಿ ಒಂದ ಗಂಟು ಕಟ್ಟತೀನಿ. ದುಭಾಷಿ ಬ್ಯಾಡ.”

ಗಂಟು ಕಟ್ಟುವ ಮುಂಚೆ ಹಳೆಯದನ್ನು ಒಂದು ದಿನ ಓಡಿಸಿ, ಏನೇನು ಬಳಕೆಗೆ ಬರುತ್ತದೆಂದು ಗುರುತು ಹಾಕಿಕೊಳ್ಳಬೇಕಂತೆ. ಸೈರನ್ ಊದಿಸಿ ನೋಡಲು ಬಿಸಿ ಏರಿಸಬೇಕಿತ್ತು.

“ಸೋನಾಮಸೂರಿ ಹಳದಿ ಆದ್ರ ನೀ ತಿಂತೀಯೇನು?” ಅಂದರು ಸಾವುಕಾರರು. ಗೌತಮ ಬಿಸಿ ಏರಿಸದೆಯೇ ಗಂಟು ಕಟ್ಟಿದ.

ಹೊಸದು ಕಣ್ಣು ಮಿಟುಕಿಸುವುದರೊಳಗೆ ಎದ್ದಿತು. ಸಾವುಕಾರರು ಎಲ್ಲರಿಗೂ ಮಂಡಕ್ಕಿ, ಮಿರ್ಚಿ ಕೊಡಿಸಿದರು.

ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಊಟದ ಹೊತ್ತಿಗೆ, ಬಿಸಿ ಏರಿತು. ಸೈರನ್ ಊದಲಿಲ್ಲ. ಡ್ರೈಯರಿಗೆ ಬೆಂಕಿ ಬಿತ್ತು. ಯಜಮಾನರು ಮೇಲೆಯೇ ಇದ್ದರು.

ಮಣ್ಣು ಮಾಡಿದ ಮೂರನೆಯ ದಿನ ಮಿಲ್ಲಿನಿಂದ ಒಂದು ಕಾಗದ ಬಂತು, ಸಹಿ ಹಾಕು ಎಂದು. ಅಕ್ಷರ ಕೂಡಿಸಿ ಓದಿದೆ. ಹನಮಪ್ಪ ಸೇದಿದ ಬೀಡಿಯಿಂದ ಬೆಂಕಿ ಎಂದಿತ್ತು. ಅವರು ಬೀಡಿ ಮುಟ್ಟಿದವರಲ್ಲ. ಎಲೆ ಅಡಿಕೆ ಹಾಕುತ್ತಿದ್ದರು, ಅಷ್ಟೆ. ಕಾಗದ ಮಡಚಿಟ್ಟೆ.

ಸಂಜೆ ಗೌತಮ ಬಂದು ಹೊಸ್ತಿಲ ಹೊರಗೆ ಕುಳಿತ.

“ಅವ್ವಾ, ಗಂಟಿನಾಗ ಸೈರನ್ನ ಇರಲಿಲ್ಲ. ನಾ ಗುರುತು ಹಾಕಿದ ದಿನ ಅದು ಊದಲಿಲ್ಲ, ಹಂಗಾಗಿ ಒಳಗ ಸೇರಲಿಲ್ಲ. ಬಿಸಿ ಏರಸೂದು ಬ್ಯಾಡ ಅಂದಾವ್ರು ಸಾವುಕಾರ್ರು. ಬಿಟ್ಟಾಂವ ನಾನು.”

“ಇದನ್ನ ಪೊಲೀಸರಿಗೆ ಬರದು ಕೊಡ್ತೀಯೇನಪಾ?”

“ಕೊಟ್ರ ನನ್ನ ಒಳಗ ಹಾಕ್ತಾರ ಬೇ.”

“ಕೊಡದಿದ್ರ ನಮ್ಮ ಯಜಮಾನರ ಹೆಸರಿಗೆ ಬೀಡಿ ಉಳೀತೈತಿ.”

ಅವನು ಪೆನ್ನು ಕೇಳಿದ.

ಕೇಸು ಅವನೊಬ್ಬನ ಮೇಲಾಯಿತು. ಬಿಸಿ ಏರಿಸುವುದು ಬೇಡವೆಂದ ಸಾವುಕಾರರ ಮಾತು ಯಾವ ಕಾಗದದಲ್ಲೂ ಇಲ್ಲ. ಈಗ ಜಾಮೀನಿನ ಮೇಲೆ ಹೊರಗಿದ್ದಾನೆ. ಯಾವ ಮಿಲ್ಲಿನವರೂ ಅವನನ್ನು ಒಳಗೆ ಬಿಡುವುದಿಲ್ಲ. ಕೋರ್ಟಿನ ತಾರೀಖಿಗೆ ಬಂದಾಗ ನಮ್ಮ ಮನೆಗೆ ಬರುತ್ತಾನೆ. ರೊಟ್ಟಿ ಹಾಕುತ್ತೇನೆ, ಉಣ್ಣುತ್ತಾನೆ. ಕೇಸಿನ ಕಾಗದದಲ್ಲಿ ಬೀಡಿಯ ಮಾತನ್ನು ಹೊಡೆದುಹಾಕಿದ್ದಾರೆ. ಅದನ್ನು ನಾನೇ ಅಕ್ಷರ ಕೂಡಿಸಿ ಓದಿ ನೋಡಿದ್ದೇನೆ.